ಒಂದು ಸಮೀಕರಣ, ಎರಡು ಉತ್ತರ

ಬಿ.ಎಸ್ಸಿ. ಮಕ್ಕಳಿಗೆ ಬಫರ್ ದ್ರಾವಣದ ಲೆಕ್ಕ ಹೇಳಿಕೊಡುವಾಗ ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ: 'ಸರ್, ಇದನ್ನೆಲ್ಲ ಬಿಡಿಸಿ ಏನು ಪ್ರಯೋಜನ?' ಆಗ ನಾನು 1952ರ ಕೋಪನ್‌ಹೇಗನ್ನಿನ ಕತೆ ಹೇಳುತ್ತೇನೆ.

ಅದರ ಬೇರು ಇನ್ನೂ ಹಿಂದಿನದು. ರಕ್ತದ ಆಮ್ಲತೆಯನ್ನು ಹತೋಟಿಯಲ್ಲಿಡುವುದು ಕಾರ್ಬಾನಿಕ್ ಆಮ್ಲ ಮತ್ತು ಬೈಕಾರ್ಬನೇಟ್‌ಗಳ ಅನುಪಾತ ಎಂಬುದನ್ನು 1908ರಲ್ಲಿ ಅಮೆರಿಕದ ಲಾರೆನ್ಸ್ ಹೆಂಡರ್ಸನ್ ಸಮೀಕರಣವಾಗಿ ಬರೆದರು. ಮರುವರ್ಷ ಕೋಪನ್‌ಹೇಗನ್ನಿನಲ್ಲಿ, ಬಿಯರ್ ತಯಾರಕರು ಸ್ಥಾಪಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳ ಅಧ್ಯಯನ ನಡೆಸುತ್ತಿದ್ದ ಸೋರೆನ್ಸನ್ ಪಿಎಚ್ ಎಂಬ ಅಳತೆಯನ್ನು ಬಳಕೆಗೆ ತಂದರು. ಲೀಟರಿಗೆ 0.0000001 ಮೋಲ್ ಹೈಡ್ರೋಜನ್ ಅಯಾನು ಎನ್ನುವ ಬದಲು 7 ಎಂದರೆ ಸಾಕಾಯಿತು. 1916ರಲ್ಲಿ ಡೆನ್ಮಾರ್ಕಿನವರೇ ಆದ ಹ್ಯಾಸೆಲ್‌ಬಾಲ್ಕ್ ಇವೆರಡನ್ನೂ ಜೋಡಿಸಿದರು. ಇಂದು ನಾವು ಬಾಯಿಪಾಠ ಮಾಡುವ ಸೂತ್ರ ಅದೇ.

1952ರ ಬೇಸಿಗೆಯಲ್ಲಿ ಆ ಊರಿಗೆ ಪೋಲಿಯೊ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ವಾರಗಳಲ್ಲಿ ಉಸಿರಾಟದ ಯಂತ್ರಕ್ಕೆ ಒಳಪಟ್ಟ 31 ರೋಗಿಗಳಲ್ಲಿ 27 ಮಂದಿ ಸತ್ತರು. ಅವರ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು. ಅದರ ಬಹುಪಾಲು ಬೈಕಾರ್ಬನೇಟ್ ರೂಪದಲ್ಲಿರುವುದರಿಂದ, ರಕ್ತ ಕ್ಷಾರೀಯವಾಗಿದೆ ಎಂದು ವೈದ್ಯರು ತಿಳಿದರು.

ಸಮೀಕರಣವನ್ನು ಬಿಡಿಸಿ ನೋಡೋಣ. 6.1ಕ್ಕೆ ಒಂದು ಅನುಪಾತದ ಲಾಗ್ ಕೂಡಿಸಿದರೆ ಪಿಎಚ್ ಸಿಗುತ್ತದೆ: ಅಂಶದಲ್ಲಿ ಬೈಕಾರ್ಬನೇಟ್, ಛೇದದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡದ 0.03 ಪಟ್ಟು. ಆರೋಗ್ಯವಂತರಲ್ಲಿ ಬೈಕಾರ್ಬನೇಟ್ 24, ಒತ್ತಡ 40. ಅನುಪಾತ 20, ಪಿಎಚ್ 7.4. ಬೈಕಾರ್ಬನೇಟ್ 36ಕ್ಕೆ ಏರಿ ಒತ್ತಡ 40ರಲ್ಲೇ ಇದ್ದರೆ ಪಿಎಚ್ ಸುಮಾರು 7.58, ಅಂದರೆ ರಕ್ತ ಕ್ಷಾರೀಯ. ಆದರೆ ಅದೇ 36ರ ಜೊತೆ ಒತ್ತಡವೂ 100ಕ್ಕೆ ಏರಿದ್ದರೆ ಅನುಪಾತ ಬರೀ 12, ಪಿಎಚ್ 7.18. ಈಗ ರೋಗಿ ಆಮ್ಲತೆಯಿಂದ ಸಾಯುತ್ತಿದ್ದಾನೆ. ಮೂರು ಚರಗಳಲ್ಲಿ ಒಂದನ್ನಷ್ಟೇ ಅಳೆದವರಿಗೆ ಇವೆರಡರ ನಡುವಿನ ವ್ಯತ್ಯಾಸ ಕಾಣುವುದಿಲ್ಲ.

ಅದನ್ನು ಕಂಡವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್. ರೋಗಿಗಳ ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಿಲ್ಲ, ಅದು ದೇಹದೊಳಗೇ ಉಳಿಯುತ್ತಿದೆ ಎಂದು ಅವರು ವಾದಿಸಿದರು. ಆಗಸ್ಟ್ 27ರಂದು ಸಾವಿನಂಚಿನಲ್ಲಿದ್ದ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತಾ ಉಸಿರು ತುಂಬಿದರು. ಹುಡುಗಿ ಬದುಕಿದಳು. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರೋಗಿಗಳ ರಕ್ತದ ಪಿಎಚ್ ಅಳೆದಾಗ ಅದು ಕಡಿಮೆಯೇ ಇತ್ತು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಹಗಲೂ ರಾತ್ರಿ ಚೀಲ ಒತ್ತಿ, ರೋಗಿಗಳನ್ನು ಉಸಿರಾಡಿಸಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕದ ಚರಿತ್ರೆಯನ್ನು ಹಲವರು ಅಲ್ಲಿಂದಲೇ ಶುರುಮಾಡುತ್ತಾರೆ.

ಆ ವೈದ್ಯರಿಗೆ ಸೂತ್ರ ಗೊತ್ತಿರಲಿಲ್ಲವೆಂದಲ್ಲ. ಅದು ಅವರ ಊರಿನಲ್ಲೇ ಬೆಳೆದದ್ದು. ಅಳೆಯದ ಒತ್ತಡವನ್ನು ಎಂದಿನಂತೆಯೇ ಇದೆ ಎಂದು ಅವರು ಅರಿವಿಲ್ಲದೆ ಒಪ್ಪಿಕೊಂಡಿದ್ದರು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಅದಕ್ಕೇ ಈಗ ಲೆಕ್ಕ ಬಿಡಿಸುವ ಮೊದಲು ಕರಿಹಲಗೆಯ ಮೇಲೆ ಎರಡು ಸಾಲು ಬರೆಸುತ್ತೇನೆ: ನೀವು ಅಳೆದದ್ದು ಯಾವುದು, ಅಂದುಕೊಂಡದ್ದು ಯಾವುದು?