ಹಳ್ಳಿ ಲೆಕ್ಕ ನಡೆದು ಬಂದ ದಾರಿ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು ಎಂದರೆ ಇಪ್ಪತ್ತೈದು ವರ್ಷದ ಲೆಕ್ಕ ಬರೆದದ್ದಾಯಿತು ಎಂದೂ ಅರ್ಥ. ಹಸುವಿನ ವಿಚಾರ, ಹಾಲಿನ ವಿಚಾರ ಬರೆಯುವವರು ಈ ಸಂಚಿಕೆಗೆ ಬೇಕಾದಷ್ಟು ಜನ ಸಿಕ್ಕಿದರು. ಲೆಕ್ಕದ ವಿಚಾರ ಅಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಹಾಗಾಗಿ ಎಸ್.ಎಸ್.ಎಲ್.ಸಿ. ಓದಿದ ನಾವೇ ಕೈ ಹಾಕಿದ್ದೇವೆ.

ಊರ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ಹಳೆಯ ಶಾಸನಗಳಲ್ಲಿ ಶ್ರೀಕರಣ, ಸೇನಬೋವ ಎಂಬ ಹೆಸರುಗಳು ಬರುತ್ತವೆ. ಅರಸರ ಲೆಕ್ಕ ಇಡುತ್ತಿದ್ದವರು ಶ್ರೀಕರಣರು, ಊರ ಲೆಕ್ಕದವನು ಸೇನಬೋವ. ಸೇನಬೋವನೇ ಬಾಯಿಂದ ಬಾಯಿಗೆ ಸವೆದು ಶಾನುಭೋಗ ಆದದ್ದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಒರೆಸುವ ಅನುಕೂಲ ಯಾರ ಪಾಲಿಗಿತ್ತು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ! ಈ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಹುದ್ದೆಯೂ ಹಾಗೇ. ತಪ್ಪು ಹಿಡಿಯಬೇಕಾದರೆ ಓದಲು ಬರಬೇಕು. ರೈತನಿಗೆ ಅದು ಎಲ್ಲಿಂದ ಬರಬೇಕು? 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಆಗಿ 1963ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಶಾನುಭೋಗಿಕೆ ಮುಗಿಯಿತು.

ಸಹಕಾರ ಸಂಘಗಳು ಅಷ್ಟು ಹೊತ್ತಿಗಾಗಲೇ ಬಂದಾಗಿತ್ತು. 1904ರಲ್ಲಿ ಬ್ರಿಟಿಷರು ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಮಾಡಿದರು. ಅದರ ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ಅದು ಮುಂಬೈ ಆಧಿಪತ್ಯ. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ, 1905ರಲ್ಲೇ ತನ್ನದೇ ಕಾನೂನು ಮಾಡಿತು. ಬ್ರಿಟಿಷ್ ಪ್ರಾಂತ್ಯಗಳ 1912ರ ಕಾಯಿದೆಯಲ್ಲಿ ಒಂದು ಮಾತಿತ್ತು: ಪ್ರತಿ ಸಂಘದ ಲೆಕ್ಕವನ್ನು ವರ್ಷಕ್ಕೆ ಒಂದು ಸಲವಾದರೂ ರಿಜಿಸ್ಟ್ರಾರರು ತಾವೇ ತಪಾಸಣೆ ಮಾಡಬೇಕು, ಇಲ್ಲವೇ ಮಾಡಿಸಬೇಕು. ಬರೀ ಕೂಡಿ ಕಳೆದರೆ ಸಾಲದು. ಸುಸ್ತಿ ಸಾಲ ಎಷ್ಟು, ಆಸ್ತಿ ಎಷ್ಟು, ಹೊಣೆ ಎಷ್ಟು ಎಂದು ತೂಗಿ ನೋಡಬೇಕು. ಸದಸ್ಯರಿಗೆ ಓದು ಬರಹ ಇಲ್ಲದಿದ್ದರೂ ಅವರ ದುಡ್ಡಿಗೆ ಒಬ್ಬ ಕಾವಲುಗಾರ ಇರಲಿ ಎಂಬ ಈ ಏರ್ಪಾಡು ನಮಗೆ ಒಳ್ಳೆಯದಾಗಿಯೇ ಕಾಣುತ್ತದೆ.

ಪಟ್ಟಣದ ಕಂಪನಿಗಳ ಲೆಕ್ಕ ಬೇರೆ ದಾರಿ ಹಿಡಿಯಿತು. 1918ರಲ್ಲಿ ಮುಂಬೈ ಸರ್ಕಾರ ಲೆಕ್ಕಪತ್ರದ ಡಿಪ್ಲೊಮಾ ಶುರು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1949ರ ಜುಲೈ 1ರಿಂದ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆ ಬಂತು. ಅಂದಿನಿಂದ ಸಿ.ಎ. ಪರೀಕ್ಷೆ, ತರಬೇತಿ, ತಪ್ಪು ಮಾಡಿದವರ ವಿಚಾರಣೆ ಎಲ್ಲ ಅವರ ಸಂಸ್ಥೆಯದೇ ಜವಾಬ್ದಾರಿ. ನಮ್ಮ ಸಂಘಗಳಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, ಜಾರಿಗೆ ಬಂದದ್ದು 1960ರ ಜೂನ್ 1. ಅದರ 63ನೇ ಕಲಂ ಆಡಿಟ್‌ನದು. ಇಲಾಖೆಯ ಆಡಿಟರು ಬಂದು ರೋಕಡಿ, ಖಾತೆ ಪುಸ್ತಕ ನೋಡಿ ಎ, ಬಿ, ಸಿ, ಡಿ ಎಂದು ವರ್ಗ ಕೊಟ್ಟು ಹೋಗುತ್ತಿದ್ದರು. ಈ ನಡುವೆ ನಮ್ಮ ಚನ್ನಪಟ್ಟಣ ತಾಲ್ಲೂಕು ಬೆಂಗಳೂರು ಜಿಲ್ಲೆಯಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಹೋಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂತು. ರಬ್ಬರ್ ಸ್ಟಾಂಪು ಬದಲಾಯಿಸಿದ್ದೇ ಬದಲಾಯಿಸಿದ್ದು.

ದೊಡ್ಡ ಬದಲಾವಣೆ ಬಂದದ್ದು ಸಂವಿಧಾನದ 97ನೇ ತಿದ್ದುಪಡಿಯಿಂದ. 2012ರ ಫೆಬ್ರವರಿಯಲ್ಲಿ ಅದು ಜಾರಿಯಾಯಿತು. ಆಡಿಟರನ್ನು ಇಲಾಖೆ ಕಳಿಸುವುದಲ್ಲ, ಒಪ್ಪಿತ ಪಟ್ಟಿಯಿಂದ ಸಂಘದ ಮಹಾಸಭೆಯೇ ಆರಿಸಬೇಕು. ವರ್ಷ ಮುಗಿದ ಆರು ತಿಂಗಳೊಳಗೆ ಆಡಿಟ್ ಮುಗಿಯಬೇಕು. ನಮ್ಮ ರಾಜ್ಯವೂ 2013ರಲ್ಲಿ ಇದಕ್ಕೆ ಸರಿಯಾಗಿ ತನ್ನ ಕಾಯಿದೆ ತಿದ್ದಿತು. ರಾಜ್ಯಗಳ ಒಪ್ಪಿಗೆ ಪಡೆಯದೆ ಮಾಡಿದ್ದಾರೆಂದು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿತು.

ಮಹಾಸಭೆಗೆ ಅಧಿಕಾರ ಬಂತು ಎಂದು ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಆದರೆ ಮಹಾಸಭೆಯಲ್ಲಿ ನಡೆಯುವುದೇನು? ಕಾರ್ಯದರ್ಶಿ ಒಂದು ಹೆಸರು ಓದುತ್ತಾರೆ, ಬೋನಸ್ಸು ಎಷ್ಟು ಎಂದು ಕಾಯುತ್ತಾ ಕೂತವರು ಕೈ ಎತ್ತುತ್ತಾರೆ. ಅಂದರೆ ಯಾರ ಲೆಕ್ಕ ನೋಡಬೇಕೋ ಅವರೇ ಲೆಕ್ಕ ನೋಡುವವರನ್ನು ಕರೆತಂದ ಹಾಗೆ. ನಮ್ಮ ಸೀಮೆಯ ಒಂದು ಸಂಘದಲ್ಲಿ ಆಡಿಟರು ಪುಸ್ತಕ ಬಿಚ್ಚದೆ ಮಧ್ಯಾಹ್ನದ ಊಟಕ್ಕೆ ಮೊದಲೇ ರುಜು ಹಾಕಿ ಎದ್ದರಂತೆ. ಹಸುವಿನ ಕೆಚ್ಚಲು ಮುಟ್ಟದೆ ಹಾಲು ಎಷ್ಟು ಲೀಟರು ಎಂದು ಬರೆದ ಹಾಗಾಯಿತು.

ಇದು ಹಳ್ಳಿಯ ಕಾಯಿಲೆ ಮಾತ್ರ ಅಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಮುಖ್ಯಸ್ಥರೇ ಒಪ್ಪಿಕೊಂಡರು: ಬ್ಯಾಂಕಿನಲ್ಲಿ ಇದೆ ಎಂದು ಬರೆದಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ! ದೇಶಕ್ಕೆಲ್ಲ ಹೆಸರಾದ ಆಡಿಟ್ ಸಂಸ್ಥೆ ವರ್ಷ ವರ್ಷ ರುಜು ಹಾಕಿತ್ತು. ತಮ್ಮವರ ತಪ್ಪನ್ನು ತಾವೇ ವಿಚಾರಿಸುವುದು ಸಾಲದು ಎಂಬ ಕೂಗೆದ್ದು, ದೊಡ್ಡ ಕಂಪನಿಗಳ ಆಡಿಟರ ಮೇಲೆ ಕಣ್ಣಿಡಲು 2018ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಬಂತು. ಇನ್ನು ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಕಥೆ ಎಲ್ಲರಿಗೂ ಗೊತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಜೀವಮಾನದ ಉಳಿತಾಯ ಇಟ್ಟಿದ್ದ ನಿವೃತ್ತರಿಗೂ ತೆಗೆಯಲು ಸಿಕ್ಕಿದ್ದು 35 ಸಾವಿರ ರೂಪಾಯಿ ಮಾತ್ರ. ಅಲ್ಲಿಯೂ ವರ್ಷ ವರ್ಷ ಆಡಿಟ್ ಆಗುತ್ತಿತ್ತು.

ಅದಕ್ಕೇ ನಾವು ಹೇಳುವುದು, ಆಡಿಟರ ಜೊತೆಗೆ ಸದಸ್ಯರಿಗೂ ನಾಲ್ಕಕ್ಷರ ಲೆಕ್ಕ ಬರಬೇಕು. ಲಾಭದಲ್ಲಿ ಕಾಲು ಭಾಗ ಆಪದ್ಧನ ನಿಧಿಗೆ ಹೋಗಬೇಕೆಂಬುದು ಕಾನೂನು. ಸಹಕಾರ ಶಿಕ್ಷಣ ನಿಧಿಗೂ ನಾವು ದುಡ್ಡು ಕಟ್ಟುತ್ತೇವೆ. ಆ ಶಿಕ್ಷಣ ಕಾರ್ಯದರ್ಶಿಗೂ ನಿರ್ದೇಶಕರಿಗೂ ನಿಂತು ಹೋಗದೆ ದಿನಾ ಹಾಲು ಹಾಕುವ ಹೆಣ್ಣುಮಕ್ಕಳ ತನಕ ಬರಬೇಕು. ಫ್ಯಾಟು ಕಡಿಮೆ ಬಂತೆಂದು ಜಗಳ ತೆಗೆಯುವವರು ಅಢಾವೆ ಪತ್ರಿಕೆ ಕೈಗೆ ಬಂದಾಗ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಹೆಚ್ಚೇನೂ ಬೇಡ. ಮೂರು ಕಡೆ ಕಣ್ಣಾಡಿಸಿದರೆ ಸಾಕು: ಬ್ಯಾಂಕಿನ ಶಿಲ್ಕು ಪಾಸ್‌ಬುಕ್ಕಿಗೆ ತಾಳೆ ಆಗುತ್ತದೆಯೇ, ಬರಬೇಕಾದ ಬಾಕಿ ಯಾರ ಹೆಸರಲ್ಲಿದೆ, ಹೋದ ವರ್ಷದ ಆಕ್ಷೇಪಣೆಗೆ ಅನುಪಾಲನಾ ವರದಿ ಹೋಗಿದೆಯೇ.

ಊರಿನಲ್ಲಿ ಬಿ.ಕಾಂ. ಓದಿದ ಮಕ್ಕಳು ಈಗ ಕಡಿಮೆ ಇಲ್ಲ. 2023ರಲ್ಲಿ ಸಿ.ಎ. ಓದಿನ ಪದ್ಧತಿ ಬದಲಾಗಿ, ಮೂರು ವರ್ಷ ಇದ್ದ ಕೆಲಸದ ತರಬೇತಿ ಎರಡು ವರ್ಷಕ್ಕೆ ಇಳಿದಿದೆ. ಬಡವರ ಮಕ್ಕಳಿಗೆ ಒಂದು ವರ್ಷ ಉಳಿದರೂ ದೊಡ್ಡದೇ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಹಾಕಿಸಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕಂಪ್ಯೂಟರಿನಲ್ಲಿ ಕೂಡುವ ತಪ್ಪು ಆಗುವುದಿಲ್ಲ. ಒಳಗೆ ಏನು ಹಾಕಿದರು ಎಂಬುದನ್ನು ಮಾತ್ರ ಯಾರಾದರೂ ಚೀಟಿ ಹಿಡಿದು ನೋಡಬೇಕು. ಮುಂದಿನ ಮಹಾಸಭೆಯಲ್ಲಿ ಆಡಿಟರ ಹೆಸರು ಓದಿದ ಮೇಲೆ ಒಂದು ಗಳಿಗೆ ತಡೆದು, ಪಟ್ಟಿಯಲ್ಲಿ ಇನ್ನೂ ಯಾರು ಯಾರಿದ್ದಾರೆ ಎಂದು ಕೇಳಿ. ಪಟ್ಟಿ ತರಿಸಿ ಮೇಜಿನ ಮೇಲೆ ಇಡುವ ಕೆಲಸ ನಾವು ನಿರ್ದೇಶಕರದು.