ಯಂತ್ರವೂ ನೌಕರವರ್ಗವೂ: ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯ ಚರಿತ್ರೆ

ಬೆಂಗಳೂರಿನ ವಾಯವ್ಯಭಾಗದಲ್ಲಿ ಲಗ್ಗೆರೆಯೆಂಬ ಊರಿದೆ. ಹಿಂದೆ ಹೊಲಗಳ ನಡುವಣ ಗ್ರಾಮವಾಗಿದ್ದ ಇದು ಈಗ ನಗರದಲ್ಲಿ ಅಂತರ್ಗತವಾಗಿ, ನೆರೆಯ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಅನೇಕ ಕುಟುಂಬಗಳಿಗೆ ವಾಸಸ್ಥಾನವಾಗಿದೆ. ಲೇತ್ ನಡೆಸುವವರೂ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ ಹೆಂಗಸರೂ ಇಲ್ಲಿಂದ ಪ್ರತಿದಿನವೂ ಕೆಲಸಕ್ಕೆ ಹೋಗುವರು. ಪೀಣ್ಯವು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ದಿಕ್ಕಿನಲ್ಲಿ ಯಂತ್ರವಿದ್ಯೆಯನ್ನು ನೆಲೆಗೊಳಿಸಿದ ಸಂಸ್ಥೆ ಸಮೀಪದ ಜಾಲಹಳ್ಳಿಯ ಹಿಂದೂಸ್ತಾನ್ ಮೆಷಿನ್ ಟೂಲ್ಸ್. ಲೋಕವು ಇದನ್ನು ಎಚ್‌ಎಂಟಿ ಎಂದೇ ಬಲ್ಲದು. ಇದರ ಗಡಿಯಾರ ಶಾಖೆಯ ಏಳುಬೀಳುಗಳನ್ನು ಪರಿಶೀಲಿಸಿ, ಸಂಸ್ಥೆಯೊಂದರ ಕಾರ್ಯಸಿದ್ಧಿಗೆ ಉಪಕರಣವು ಕಾರಣವೋ, ನೌಕರರನ್ನು ನಡೆಸಿಕೊಳ್ಳುವ ಕ್ರಮವು ಕಾರಣವೋ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ.

ಇದು ಪಂಡಿತರ ವಿಚಾರಕ್ಕೆ ಹೊರಗಾದ ವಿಷಯವೆಂದು ವಾಚಕರು ಶಂಕಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಯ ಬೀಜವಿದೆ. ನೂಲಿನ ಕೆಲಸವನ್ನು ನಡೆಯಿಸುವ ಸೂತ್ರಾಧ್ಯಕ್ಷನು ನೂಲಿನ ನಯ, ಒರಟು, ಮಧ್ಯಮಗಳೆಂಬ ಭೇದವನ್ನರಿತು ವೇತನವನ್ನು ಗೊತ್ತುಮಾಡಬೇಕೆಂದೂ, ಹಬ್ಬದ ದಿನಗಳಲ್ಲಿ ಕೆಲಸ ಮಾಡಿಸಿದರೆ ಉಡುಗೊರೆಯಿತ್ತು ಮನ್ನಿಸಬೇಕೆಂದೂ, ವೇತನ ಕೊಡುವುದರಲ್ಲಿ ಕಾಲವನ್ನು ಮೀರಿದ ಅಧಿಕಾರಿಗೆ ದಂಡವೆಂದೂ ಅಲ್ಲಿ ವಿಧಿಸಿದೆ. ಕೆಲಸಗಾರರಿಗೆ ಹೇಳಿದ ಕೆಲವು ಶಿಕ್ಷೆಗಳು ಕ್ರೂರವೇ ಸರಿ. ಆದರೂ ವಸ್ತುವಿನ ಗುಣಜ್ಞಾನ, ಜನರ ಪಾಲನೆ ಇವೆರಡೂ ಒಬ್ಬನೇ ಅಧ್ಯಕ್ಷನ ಹೊಣೆಯೆಂಬುದು ಗಮನಾರ್ಹವಾದದ್ದು.

ಇನ್ನು ಪ್ರಕೃತಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ, ಲೇತ್ ಮೊದಲಾದ ಯಂತ್ರಗಳನ್ನು ತಯಾರಿಸುವುದಕ್ಕಾಗಿ, 1953ರಲ್ಲಿ ಎಚ್‌ಎಂಟಿ ಸ್ಥಾಪಿತವಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳು ಇವು. ಕೂದಲೆಳೆಗಿಂತ ಕಿರಿದಾದ ಅಂತರವೂ ಇಲ್ಲಿ ದೋಷವೆನಿಸುವುದು. ಆದಕಾರಣ ಯಂತ್ರದೊಡನೆ ಅದನ್ನು ಬಲ್ಲ ಕೈಯನ್ನೂ ಸಿದ್ಧಮಾಡಬೇಕಾಯಿತು. ವಿದೇಶದ ತಜ್ಞರಿಂದ ಕಲಿತವರು ಇತರರಿಗೆ ಕಲಿಸಿದರು. ಹಳ್ಳಿ ಪಟ್ಟಣಗಳಿಂದ ಬಂದ ಹುಡುಗರು ಶಿಕ್ಷಾರ್ಥಿಗಳಾಗಿ ಸೇರಿ ಕುಶಲ ಕರ್ಮಿಗಳಾದರು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಇದೇ ಆವರಣದಲ್ಲಿ ಕೈಗಡಿಯಾರದ ಕಾರ್ಖಾನೆಯು ತಲೆಯೆತ್ತಿತು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರಿನ ಗಡಿಯಾರಗಳು ಉಪನಯನ, ವಿವಾಹ, ಪರೀಕ್ಷೆಯ ಜಯ ಇವುಗಳಲ್ಲಿ ಕೊಡತಕ್ಕ ಕಾಣಿಕೆಗಳಾದವು. 1978ರಲ್ಲಿ ತುಮಕೂರಿನಲ್ಲಿಯೂ ಗಡಿಯಾರದ ಕಾರ್ಖಾನೆ ಏರ್ಪಟ್ಟಿತು.

ಅಷ್ಟರಲ್ಲಿ ಗಡಿಯಾರದ ಸ್ವರೂಪವೇ ಬದಲಾಗತೊಡಗಿತ್ತು. ಕೀಲಿ ಕೊಡುವ ಗಡಿಯಾರದಲ್ಲಿ ಸುರುಳಿಯ ಬಿಗಿತವು ಹಲ್ಲುಗಾಲಿಗಳನ್ನು ತಿರುಗಿಸುವುದು. ಅದರ ನೂರಾರು ಸೂಕ್ಷ್ಮಾಂಗಗಳನ್ನು ಕೊರೆದು, ಉಜ್ಜಿ, ಜೋಡಿಸುವುದರಲ್ಲಿಯೇ ಕರ್ಮಿಯ ಕೌಶಲವಿತ್ತು. ಕ್ವಾರ್ಟ್ಸ್ ಗಡಿಯಾರದಲ್ಲಾದರೋ ಪುಟ್ಟದೊಂದು ವಿದ್ಯುತ್ಕೋಶದ ಬಲದಿಂದ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲವನ್ನಳೆಯುವುದು. ಅಂಗಗಳು ಕಡಮೆ, ನಿಖರತೆ ಹೆಚ್ಚು. ಇದರಿಂದ ಹಿಂದಿನ ತಲೆಮಾರು ಕಷ್ಟಪಟ್ಟು ಸಂಪಾದಿಸಿದ್ದ ಹಸ್ತಕೌಶಲದ ಬಹುಭಾಗವು ಬೇಡವಾಗುವ ಕಾಲವು ಒದಗಿತು.

ಮುಂದಿನ ಕಥೆ ಪ್ರಸಿದ್ಧವಾದದ್ದು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ ಟೈಟಾನ್ ಸಂಸ್ಥೆಯನ್ನು ಸ್ಥಾಪಿಸಿದವು. ಬೆಂಗಳೂರಿಗೆ ಅನತಿದೂರದ ಹೊಸೂರಿನಲ್ಲಿ ಅದರ ಕಾರ್ಖಾನೆ ನಡೆಯತೊಡಗಿದ ಮೇಲೆ ಎಚ್‌ಎಂಟಿಯ ಗಡಿಯಾರಗಳಿಗೆ ಇದ್ದ ಅಗ್ರಸ್ಥಾನವು ಕ್ರಮೇಣ ಕೈಬಿಟ್ಟಿತು. ನಷ್ಟವು ವರ್ಷವರ್ಷಕ್ಕೂ ಬೆಳೆದು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವುದಕ್ಕೆ ಒಪ್ಪಿಗೆಯನ್ನಿತ್ತಿತು.

ಈ ಪತನಕ್ಕೆ ಕಾರಣವೇನು? ಇಲ್ಲಿ ಎರಡು ಪೂರ್ವಪಕ್ಷಗಳುಂಟು.

ಮೊದಲನೆಯದು: ಹೊಸ ತಂತ್ರವಿಲ್ಲದೆ ಎಚ್‌ಎಂಟಿ ಕೆಟ್ಟಿತು ಎಂಬುದು. ಇದು ನಿಲ್ಲುವುದಿಲ್ಲ. ಏಕೆಂದರೆ 1981ರಲ್ಲಿಯೇ, ಎಂದರೆ ಟೈಟಾನ್ ಹುಟ್ಟುವುದಕ್ಕೆ ಮೂರು ವರ್ಷ ಮುಂಚೆಯೇ, ಎಚ್‌ಎಂಟಿ ಕ್ವಾರ್ಟ್ಸ್ ಗಡಿಯಾರವನ್ನು ತಯಾರಿಸಿ ಮಾರುಕಟ್ಟೆಗೆ ತಂದಿತ್ತು. ಕಾರಣವು ಇದ್ದೂ ಕಾರ್ಯವು ಹುಟ್ಟದಿದ್ದರೆ ಅದನ್ನು ಪೂರ್ಣಕಾರಣವೆನ್ನುವಂತಿಲ್ಲ; ನೈಯಾಯಿಕರು ಇದನ್ನು ಅನ್ವಯವ್ಯಭಿಚಾರವೆನ್ನುವರು.

ಎರಡನೆಯದು: ಕಾರ್ಮಿಕರ ಕಲಹದಿಂದ ಕೆಟ್ಟಿತು ಎಂಬುದು. ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ನೌಕರರಿಗೆ ಸಮನಾದ ವೇತನವನ್ನು ಕೇಳಿ, 1980ರ ಡಿಸೆಂಬರಿನ ಕೊನೆಯಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸರ್ಕಾರೀ ಉದ್ಯಮಗಳಲ್ಲಿ ದೊಡ್ಡ ಮುಷ್ಕರವು ನಡೆದದ್ದು ನಿಜ. ಆದರೆ ಅದರಲ್ಲಿ ಎಚ್‌ಎಂಟಿಯೊಂದೇ ಇರಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್, ಹಿಂದೂಸ್ತಾನ್ ಏರೋನಾಟಿಕ್ಸ್ ಮೊದಲಾದವೂ ಇದ್ದವು. ಅದೇ ಊರು, ಅದೇ ತಿಂಗಳು, ಅದೇ ಮುಷ್ಕರ. ಇವೆರಡು ಸಂಸ್ಥೆಗಳೂ ಇಂದಿಗೂ ನಿಂತಿವೆ. ಆದ್ದರಿಂದ ಕರ್ಮಿಗಳ ಮೇಲೆ ಸಕಲ ದೋಷವನ್ನೂ ಹೊರಿಸುವುದು ಸುಲಭವಾದರೂ ಯುಕ್ತವಲ್ಲ.

ಹಾಗಾದರೆ ಸಿದ್ಧಾಂತವೇನು? ಮೀಮಾಂಸಕರು ವಿಕಲ್ಪ, ಸಮುಚ್ಚಯಗಳೆಂದು ಭೇದ ಮಾಡುವರು. ಪುರೋಡಾಶಕ್ಕೆ ಭತ್ತವಾದರೂ ಆದೀತು, ಜವೆಯಾದರೂ ಆದೀತು, ಇದು ವಿಕಲ್ಪ. ಪ್ರಯಾಜವೇ ಮೊದಲಾದ ಅಂಗಗಳಾದರೋ ಎಲ್ಲವೂ ಕೂಡಿಯೇ ಪ್ರಧಾನಕರ್ಮಕ್ಕೆ ಉಪಕರಿಸಬೇಕು, ಇದು ಸಮುಚ್ಚಯ. ಉಪಕರಣ, ಜನಪಾಲನೆಗಳನ್ನು ನಾವು ವಿಕಲ್ಪವೆಂದು ಭಾವಿಸಿ ಜಗಳವಾಡುತ್ತೇವೆ. ಅವು ಸಮುಚ್ಚಯದಿಂದಲೇ ಫಲವನ್ನು ಕೊಡತಕ್ಕವು.

ಹೊಸೂರಿನ ನಿದರ್ಶನವನ್ನು ನೋಡಿ. ಟೈಟಾನ್ ಕ್ವಾರ್ಟ್ಸ್ ತಂತ್ರವನ್ನು ಮುಖ್ಯವಾಗಿ ಹಿಡಿಯಿತು. ಅದರ ಜೊತೆಯಲ್ಲಿಯೇ ಸುತ್ತಲಿನ ಹಳ್ಳಿಗಳಿಂದ ಶಾಲೆ ಮುಗಿಸಿದ ತರುಣ ತರುಣಿಯರನ್ನು ಆರಿಸಿ, ಆ ತಂತ್ರಕ್ಕೆ ತಕ್ಕ ಶಿಕ್ಷಣವನ್ನು ಕೊಟ್ಟಿತು. ಎಚ್‌ಎಂಟಿಯಲ್ಲಿ ಪಳಗಿದ ಕೆಲವರೂ ಅಲ್ಲಿಗೆ ಹೋದರು. ಎಂದರೆ ಜಾಲಹಳ್ಳಿಯ ವಿದ್ಯೆಯೇ ಬೇರೊಂದು ವ್ಯವಸ್ಥೆಯಲ್ಲಿ ಫಲಿಸಿತು. ಜಾಲಹಳ್ಳಿಯಲ್ಲಾದರೋ ಹೊಸ ಗಡಿಯಾರವು ಬಂದರೂ ಹಳೆಯ ಗಡಿಯಾರಕ್ಕಾಗಿ ಹೂಡಿದ ಯಂತ್ರಗಳೂ ಅದಕ್ಕಾಗಿಯೇ ಪಳಗಿದ ಸಾವಿರಾರು ಕೈಗಳೂ ಮೊದಲಿನ ದಾರಿಯಲ್ಲಿಯೇ ಉಳಿದವು. ದೊಡ್ಡ ಬಂಡವಾಳದ ತೀರ್ಮಾನಗಳಿಗೆ ಸರ್ಕಾರದ ಅನುಮತಿಯನ್ನು ಕಾಯಬೇಕಾದದ್ದು ಈ ತೊಡಕನ್ನು ಹೆಚ್ಚಿಸಿತು.

ಟೈಟಾನ್ ಹೊಸ ಸಂಸ್ಥೆ, ಅದಕ್ಕೆ ಹಳೆಯ ಭಾರವಿರಲಿಲ್ಲ, ಆದಕಾರಣ ಹೋಲಿಕೆಯು ಸಮವಲ್ಲ ಎಂದು ಆಕ್ಷೇಪಿಸಬಹುದು. ಇದಕ್ಕೆ ಎಚ್‌ಎಂಟಿಯ ಚರಿತ್ರೆಯೇ ಸಮಾಧಾನವನ್ನು ಹೇಳುತ್ತದೆ. 1966–67ರ ಸುಮಾರಿನಲ್ಲಿ ದೇಶದಲ್ಲಿ ಯಂತ್ರಗಳ ಬೇಡಿಕೆ ಕುಸಿದಾಗ, ಎಸ್. ಎಂ. ಪಾಟೀಲರು ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಇದೇ ಸಂಸ್ಥೆಯು ಬೇರೆ ಪದಾರ್ಥಗಳ ಕಡೆಗೆ ತಿರುಗಿತು. 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರುಗಳು, ಅನಂತರ ಕೇರಳದ ಕಳಮಶ್ಶೇರಿಯಲ್ಲಿ ಮುದ್ರಣಯಂತ್ರಗಳು ತಯಾರಾದವು. ಇದ್ದ ಕೌಶಲಕ್ಕೆ ಹೊಸ ಕೆಲಸವನ್ನು ಹುಡುಕಿದಾಗ ಹಳೆಯ ಮನೆಯೂ ಹೊಸದಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ. ಕಾಲಾಂತರದಲ್ಲಿ ಗಡಿಯಾರ ಶಾಖೆಯಲ್ಲಿ ಈ ವಿವೇಕವು ಪುನರಾವೃತ್ತಿಯಾಗಲಿಲ್ಲವೆಂಬುದೇ ಶೋಚನೀಯವಾದ ಅಂಶ. ಮಾರಾಟದ ರೀತಿ, ಜನರ ಅಭಿರುಚಿ ಮೊದಲಾದ ಇತರ ಕಾರಣಗಳನ್ನು ಅಲ್ಲಗಳೆಯುವುದಿಲ್ಲ. ಅವೂ ಈ ಮೂಲದ ಶಾಖೆಗಳೆಂದು ನಮ್ಮ ಅಭಿಪ್ರಾಯ.

ಈ ವಿಚಾರವು ಗತಕಾಲಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ಇಂದು ಪೀಣ್ಯದ ಕಾರ್ಖಾನೆಗಳಲ್ಲಿ ಗಣಕದ ಆಜ್ಞೆಯಂತೆ ಲೋಹವನ್ನು ಕೊರೆಯುವ ಯಂತ್ರಗಳು ನಡೆಯುತ್ತಿವೆ. ಬೆರಳಚ್ಚನ್ನೊತ್ತಿ ಹಾಜರಿ ಕೊಡುವ ಪದ್ಧತಿಯೂ ಬಂದಿದೆ. ಯಂತ್ರವನ್ನು ಕೊಳ್ಳುವುದಕ್ಕೆ ಸಾಲ ದೊರೆಯುವುದು. ಅದನ್ನರಿತ ಕೈಗಳನ್ನು ಸಾಲವಾಗಿ ತರಲಾಗದು. ಹಳೆಯ ಕೌಶಲವು ನಿರುಪಯೋಗವಾದ ದಿನ ಆ ಕೌಶಲವುಳ್ಳ ಮನುಷ್ಯನನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು, ಹೊಸ ಯಂತ್ರವನ್ನು ತರಿಸುವ ದಿನವೇ ಕೇಳಬೇಕು. ಜಾಲಹಳ್ಳಿಯಲ್ಲಿ ಆ ಪ್ರಶ್ನೆಯನ್ನು ತಡವಾಗಿ ಕೇಳಿದರು. ಉತ್ತರ ದೊರೆಯುವ ವೇಳೆಗೆ ಕಾರ್ಖಾನೆಯ ಬಾಗಿಲು ಮುಚ್ಚುವ ಕಾಲವು ಬಂದಿತ್ತು. ಸೂತ್ರಾಧ್ಯಕ್ಷನಿಗೆ ನೂಲಿನ ಪರೀಕ್ಷೆಯನ್ನೂ ನೂಲುವವರ ಯೋಗಕ್ಷೇಮವನ್ನೂ ಒಂದೇ ಅಧಿಕಾರದಲ್ಲಿ ಕಟ್ಟಿಕೊಟ್ಟ ಪೂರ್ವಿಕರ ಯೋಜನೆಯು ಈ ದೃಷ್ಟಿಯಿಂದ ಪುನರ್ವಿಚಾರಕ್ಕೆ ಅರ್ಹವಾಗಿದೆ.