ಮೂಗಿಗೆ ಪಾಠ, ಕಣ್ಣಿಗೆ ಪರೀಕ್ಷೆ

ವೈನ್ ರುಚಿ ನೋಡಲು ಕಲಿಯಹೋದ ಹೊಸಬರು ಮೊದಲು ಕಲಿಯಬೇಕಾದದ್ದು ಮೂಸುವುದನ್ನು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿ. ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ಮೂಗಿನ ಕಾರುಬಾರು. ಆದರೆ ಮೂಸಿದ್ದನ್ನು ಹೇಳಲು ಅವರಿಗೆ ಮಾತೇ ಸಿಗದು. ಪಳಗಿದವರೋ 'ಗಂಭೀರ', 'ಸೊಗಸು' ಎಂದು ತಲೆದೂಗುತ್ತಿದ್ದರು. ಕಛೇರಿ ವಿಮರ್ಶೆ ಓದುವವರಿಗೆ ಈ ಕಷ್ಟ ಹೊಸದಲ್ಲ!

ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಆನ್ ನೋಬಲ್ ಇದಕ್ಕೊಂದು ದಾರಿ ತೋರಿದರು. 1984ರಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ 'ಪರಿಮಳ ಚಕ್ರ'ದ ನಡುವೆ ಹಣ್ಣು, ಮಸಾಲೆ ಮುಂತಾದ ದೊಡ್ಡ ಗುಂಪುಗಳಿವೆ. ಅಂಚಿಗೆ ಬಂದಂತೆ ಕರಿಮೆಣಸು, ಲವಂಗದಂಥ ನಿರ್ದಿಷ್ಟ ವಾಸನೆಗಳು. ಹೊಗಳಿಕೆಯ ಪದಗಳಿಗೆ ಅಲ್ಲಿ ಜಾಗವಿಲ್ಲ. ಅಭ್ಯಾಸಕ್ಕೆ ಅಡುಗೆಮನೆಯ ಸಾಮಾನೇ ಸಾಕು. ಸಾಧಾರಣ ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿಯ ಚೂರು ನೆನೆಸಿ ಮೂಸಬೇಕು, ಅದೇ ವಾಸನೆಯನ್ನು ಬೇರೆ ಲೋಟಗಳಲ್ಲಿ ಹುಡುಕಬೇಕು.

ಹೀಗೆ ಪದಗಳೇನೋ ಸಿಕ್ಕವು. ಅವು ನಿಜಕ್ಕೂ ಮೂಗಿನಿಂದಲೇ ಬರುತ್ತವೆಯೇ? ಫ್ರಾನ್ಸಿನ ಬೋರ್ಡೋದಲ್ಲಿ ನಡೆದು, 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಕೆಣಕಿದ್ದು ಇದನ್ನೇ. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಎರಡು ಲೋಟ ಇಟ್ಟರು. ಎರಡರಲ್ಲೂ ಒಂದೇ ಬಿಳಿ ವೈನ್. ಒಂದಕ್ಕೆ ಮಾತ್ರ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಲಾಗಿತ್ತು. ಕೆಂಪು ಲೋಟವನ್ನು ಮೂಸಿದವರು ಕೆಂಪು ವೈನಿಗೆ ಹೇಳುವ ಪದಗಳನ್ನೇ ಅದಕ್ಕೂ ಹಚ್ಚಿದರು. ಮೂಗಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಾಗಿತ್ತು. ಓದುತ್ತಿದ್ದವರ ಗತಿಯೇ ಹೀಗಾದರೆ ಮೊದಲ ದಿನ ತಡವರಿಸುವ ಹೊಸಬರು ನಾಚಬೇಕಾದ್ದೇನಿಲ್ಲ.

ಕೆಲವು ತರಗತಿಗಳಲ್ಲಿ ಕಪ್ಪು ಗಾಜಿನ ಲೋಟದಲ್ಲಿ ವೈನ್ ಕೊಡುವುದುಂಟು. ಕೆಂಪೋ ಬಿಳಿಯೋ ಎಂಬುದನ್ನೂ ಅಲ್ಲಿ ಮೂಸಿ, ಗುಟುಕರಿಸಿಯೇ ಹೇಳಬೇಕು.